ಮುರಿಯಲಿಕ್ಕೇ ಇರೋ ಪಿನ್ನು

ಬೆಳಿಗ್ಗೆ ತೀರ್ಥಹಳ್ಳಿ ಮನೆಯಂಗಳದಲ್ಲಿ ಅಪ್ಪಯ್ಯ ಅಡಿಕೆ ಹರವ್ತಾ ಇದ್ರು. ಅಮೆರಿಕದಿಂದ ತಮ್ಮನ ವಿಡಿಯೋ ಕಾಲು. ಅಲ್ಲಿ ಸಂಜೆ.

ಅವನದು ಫಿಫ್ತ್‌ವೀಲ್ ಟ್ರೈಲರು, ಅಂದ್ರೆ ಪಿಕಪ್ ಗಾಡಿಗೆ ಸಿಕ್ಕಿಸಿ ಎಳೆಯೋ ಮನೆ. ನಿಲ್ಲಿಸಿದಾಗ ನೆಲಕ್ಕೆ ಊರೋ ಅದರ ಮುಂದಿನ ಎರಡು ಕಾಲಲ್ಲಿ ಒಂದೇ ಇಳೀತಿದೆ. ಗೋಡೆ ಸಮೇತ ಹೊರಗೆ ಸರಿಯೋ ಸ್ಲೈಡ್‌ಔಟೂ ಅರ್ಧಕ್ಕೇ ನಿಂತಿದೆ.

"ಮೊದಲು ಬ್ಯಾಟರಿ ನೋಡು ಮಾರಾಯ" ಅಂದ್ರು ಅಪ್ಪಯ್ಯ, ಆ ಗಾಡಿಯ ಮುಖವನ್ನೇ ಕಾಣದವರು. ಟರ್ಮಿನಲ್ ತುಂಬಾ ಕಿಲುಬು. ಉಜ್ಜಿ ಬಿಗಿ ಮಾಡಿದ್ಮೇಲೆ ಸ್ಲೈಡು ಒಳಗೆ ಹೋಯ್ತು. 12 ವೋಲ್ಟಿನ ಮೋಟಾರು, ವೋಲ್ಟೇಜ್ ಇಳಿದ್ರೆ ನಮ್ಮ ಪಂಪ್‌ಸೆಟ್ಟಿನ ಹಾಗೇ ಗುಂಯ್ ಅನ್ನೋದಷ್ಟೇ.

ಕಾಲಿನದು ಬೇರೆ ಕತೆ. ಎರಡಕ್ಕೂ ಒಂದೇ ಮೋಟಾರು, ಆಚೆ ಕಾಲಿಗೆ ಅಡ್ಡ ಶಾಫ್ಟು, ಅದರಲ್ಲಿ ಕಿರುಬೆರಳಿಗಿಂತ ಸಣ್ಣ ಪಿನ್ನು. ಎರಡು ತುಂಡು. ಹೊರೆ ಜಾಸ್ತಿಯಾದ್ರೆ ಗೇರ್ ಉಳೀಲಿ ಅಂತ ಅದನ್ನ ಮುರಿಯೋ ಹಾಗೇ ಮಾಡಿರ್ತಾರೆ.

ಪ್ರತಿ ಮನೆಯಲ್ಲೂ ಇಂಥ ಪಿನ್ನು ಒಬ್ಬರು ಇರ್ತಾರೇನೋ. ನಮ್ಮಲ್ಲಿ ಅಮ್ಮ.

ತಮ್ಮ ಗಟ್ಟಿ ಬೋಲ್ಟ್ ಹಾಕ್ತೀನಿ ಅಂದ. ಅಪ್ಪಯ್ಯ ಗದರಿದ್ರು. (ರೋಟವೇಟರಿಗೆ ಹಾಗೇ ಹಾಕಿ ಗೇರ್‌ಬಾಕ್ಸ್ ಬಿಚ್ಚಿಸಿಕೊಂಡಿದ್ದು ಅವರೇ. ಅದನ್ನ ಹೇಳ್ಲಿಲ್ಲ.)

ಫೋನ್ ಇಡೋ ಮೊದಲು ಮತ್ತೆ ಕೂಗಿ ಹೇಳಿದ್ರು: "ಆ ಮುರಿದ ತುಂಡು ಬಿಸಾಡ್ಬೇಡ. ಅಂಗಡಿಗೆ ಅಳತೆಗೆ ಬೇಕು."