ಎಮಿನೆಮ್ ಒಂಬತ್ತನೇ ಕ್ಲಾಸು ಫೇಲು, ನಮಗ್ಯಾಕೆ ಸಾರ್ ಓದು?

ಕೋಲಾರದಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ವರ್ಷಕ್ಕೊಮ್ಮೆಯಾದರೂ ಹಿಂದಿನ ಬೆಂಚಿನಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವ ಹುಡುಗನಿಗೆ ತಾಳಕ್ಕೆ ಪ್ರಾಸ ಕಟ್ಟಿ ಮಾತಿನಂತೆ ಹಾಡುವ ರ‍್ಯಾಪ್ ಅಂದರೆ ಪ್ರಾಣ. ಅದಕ್ಕೇ ನಾನು ಸುಮ್ನೆ ಗದರಿಸಿ ಕೂರಿಸುವುದಿಲ್ಲ.

ಹುಡುಗ ಹೇಳುವುದು ನಿಜ. ಹೆಸರಾಂತ ರ‍್ಯಾಪ್ ಹಾಡುಗಾರ ಎಮಿನೆಮ್ ಒಂಬತ್ತನೇ ಕ್ಲಾಸಿನಲ್ಲೇ ಮೂರು ವರ್ಷ ಕೂತು, 17ಕ್ಕೆ ಶಾಲೆ ಬಿಟ್ಟ. ಹುಟ್ಟಿದ್ದು 1972ರಲ್ಲಿ, ಅಮೆರಿಕದ ಮಿಸ್ಸೌರಿಯಲ್ಲಿ. ಕೂಸಾಗಿದ್ದಾಗಲೇ ಅಪ್ಪ ಬಿಟ್ಟುಹೋದರು. ಅಮ್ಮನ ಜೊತೆ ಮನೆ ಮೇಲೆ ಮನೆ ಬದಲಿಸುತ್ತಾ ಬೆಳೆದದ್ದು ಜಾಸ್ತಿ ಡೆಟ್ರಾಯಿಟ್‌ನಲ್ಲಿ. ಯಾವ ಶಾಲೆಗೆ ಹೋದರೂ ಹೊಸಬ, ಏಟು ತಿನ್ನುವವನು. ಅಂಥ ಮಗು ಫೇಲಾಗದೆ ಇನ್ನೇನಾದೀತು?

ಆದರೆ ಓದು ಬಿಟ್ಟನಾ? ಇಲ್ಲ. ಬೇರೆ ಪಾಠಗಳಲ್ಲಿ ಹಿಂದೆ ಬಿದ್ದರೂ ಇಂಗ್ಲಿಷಿನಲ್ಲಿ ಚುರುಕಾಗಿದ್ದವನು ಡಿಕ್ಷನರಿ ಹಿಡಿದು ಓದುತ್ತಿದ್ದ. ಹಾಡಿಗೆ ಮಾತು ಬೇಕಿತ್ತು. ‘ಆರೆಂಜ್’ ಅನ್ನುವ ಪದಕ್ಕೆ ಇಂಗ್ಲಿಷಿನಲ್ಲಿ ಪ್ರಾಸವೇ ಇಲ್ಲ ಅನ್ನುತ್ತಾರೆ. 2010ರ ಟಿವಿ ಸಂದರ್ಶನವೊಂದರಲ್ಲಿ ಆತ ಉಚ್ಚಾರಣೆಯನ್ನು ಸ್ವಲ್ಪ ಬಗ್ಗಿಸಿ ‘ಫೋರ್ ಇಂಚ್’, ‘ಡೋರ್ ಹಿಂಜ್’ ಅಂತ ಪೋಣಿಸಿ ತೋರಿಸಿದ. ಪೆಟ್ಟಿಗೆ ತುಂಬ ಗೀಚಿಟ್ಟ ಹಾಳೆಗಳನ್ನೂ ತೋರಿಸಿದ. ಇದನ್ನು ಹೇಳಿದಾಗ ಹುಡುಗರ ಮುಖ ನೋಡಬೇಕು.

1996ರ ಮೊದಲ ಆಲ್ಬಂ ಹೆಚ್ಚು ಮಾರಲಿಲ್ಲ. ಮನೆಯಲ್ಲಿ ಪುಟ್ಟ ಮಗಳು, ಹೊಟ್ಟೆಪಾಡಿಗೆ ಹೋಟೆಲಿನ ಅಡುಗೆ ಕೆಲಸ. 1997ರಲ್ಲಿ ಲಾಸ್ ಏಂಜಲೀಸ್‌ನ ರ‍್ಯಾಪ್ ಸ್ಪರ್ಧೆಯಲ್ಲಿ ಎರಡನೇ ಸ್ಥಾನ. ಆಮೇಲೆ ಹಾಡಿನ ಟೇಪು ಹೆಸರಾಂತ ರ‍್ಯಾಪರ್, ಸಂಗೀತ ನಿರ್ಮಾಪಕ ಡಾ. ಡ್ರೆ ಕೈಗೆ ಸಿಕ್ಕಿತು. 1999ರ ಆಲ್ಬಂನಿಂದ ಹೆಸರು ಬಂತು; ಆಮೇಲಿನದು ಹುಡುಗರಿಗೆ ಬಾಯಿಪಾಠ.

ನಮ್ಮ ಮಕ್ಕಳಿಗೆ ಮನೆಯಲ್ಲಿ ತೆಲುಗು, ಕ್ಲಾಸಿನಲ್ಲಿ ಕನ್ನಡ, ಬೀದಿಯಲ್ಲಿ ಉರ್ದು. ಪ್ರಾಸ ಹುಡುಕುವವನಿಗೆ ಇದಕ್ಕಿಂತ ದೊಡ್ಡ ಆಸ್ತಿ ಬೇಕಾ? ತಾಳಕ್ಕೆ ತಮಟೆ ಇದೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಆ ತಮಟೆಯಿಂದಲೇ.

ಈ ವರ್ಷ ಪ್ರಶ್ನೆ ಕೇಳಿದವನ ಅಪ್ಪ ಟೊಮೆಟೊ ಮಂಡಿಯಲ್ಲಿ ಹಮಾಲಿ. ಅವನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿದ್ದ:

‘ಟೊಮೆಟೊ ರೇಟು ಬಿತ್ತು, ತಮಟೆಗೆ ಏಟು ಬಿತ್ತು.’

ಒಂದೇ ‘ಬಿತ್ತು’, ಎರಡು ಅರ್ಥ. ಅವತ್ತಿನ ಪ್ರಾಸದ ಪಾಠವನ್ನು ಆ ಸಾಲನ್ನೇ ಬೋರ್ಡ್ ಮೇಲೆ ಬರೆದು ಮಾಡಿದೆ. ಮುಂದಿನ ಸಾಲು ಅವನಿಗಿನ್ನೂ ಸಿಕ್ಕಿಲ್ಲ. ಲೈಬ್ರರಿಯ ನಿಘಂಟು ಎರಡು ವಾರದಿಂದ ಅವನ ಬ್ಯಾಗಿನಲ್ಲಿದೆ. ನಾನು ವಾಪಸ್ ಕೇಳಿಲ್ಲ.