ಯಾವ ನಲ್ಲಿಯ ನೀರು?

ಮಗನಿಗೆ ನಲ್ಲಿ ನೀರು ಕುಡಿಸಬಹುದಾ ಅಂತ ತಂಗಿ ಫೋನ್ ಮಾಡಿ ಕೇಳಿದಳು. ಬೆಂಗಳೂರಿಗೆ ಬಂದು ಮನೆ ಮಾಡಿ ಇನ್ನೂ ತಿಂಗಳಾಗಿಲ್ಲ. "ಯಾವ ನಲ್ಲಿ?" ಅಂದೆ. "ಅಕ್ಕಾ, ತಮಾಷೆ ಬೇಡ" ಅಂದಳು. ತಮಾಷೆ ಅಲ್ಲ. ಈ ಊರಲ್ಲಿ ಮೊದಲು ಕೇಳಬೇಕಾದ್ದೇ ಅದು.

ನಮ್ಮ ಮನೆಯನ್ನೇ ನೋಡಿ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಸಂಪಿನ (ನೆಲದಡಿಯ ನೀರಿನ ತೊಟ್ಟಿ) ಪಕ್ಕದ ನಲ್ಲಿಗೆ ನೇರವಾಗಿ. ಅಡುಗೆಮನೆ ನಲ್ಲಿಗೆ ಬರುವುದು ಮೇಲಿನ ಟ್ಯಾಂಕಿನ ನೀರು, ಅದರಲ್ಲಿ ಬೋರ್ ನೀರೂ ಸೇರಿರುತ್ತದೆ. ಎರಡೂ ನಲ್ಲಿ ನೀರೇ, ಆದರೆ ಬೇರೆ ಬೇರೆ.

ಕಾವೇರಿ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಕ್ಲೋರಿನ್ ಹಾಕಿ, ಸುಮಾರು ನೂರು ಕಿಲೋಮೀಟರ್ ಪಂಪ್ ಮಾಡಿ ತರುತ್ತಾರೆ. ಬ್ಲೀಚಿಂಗ್ ಪೌಡರ್ ವಾಸನೆ ಬಂದರೆ ನಮ್ಮ ಅತ್ತೆ ಮೂಗು ಮುರಿಯುತ್ತಾರೆ. ನನಗೆ ಸಮಾಧಾನ. ಮನೆ ನಲ್ಲಿ ತಲುಪಿದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ಭಾರತೀಯ ಮಾನಕ. ಸಂಪಲ್ಲಿ ನಿಂತ ನೀರಲ್ಲಿ ಅದು ಮೆಲ್ಲಗೆ ಇಲ್ಲವಾಗುತ್ತದೆ. ಇನ್ನೊಂದು ತೊಂದರೆ, ನೀರು ಬಿಡದ ಹೊತ್ತಲ್ಲಿ ಪೈಪು ಖಾಲಿ. ಎಲ್ಲಾದರೂ ಬಿರುಕಿದ್ದರೆ ಪಕ್ಕದ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ನೀರು ಬಿಟ್ಟಾಗ ಮೊದಲ ಬಕೆಟ್ ನಮ್ಮನೆ ದಾಸವಾಳಕ್ಕೆ.

ಫಿಲ್ಟರ್ ಮಾರುವ ಹುಡುಗ ತಂಗಿ ಮನೆಗೂ ಬಂದಿದ್ದನಂತೆ. ಎರಡು ಗ್ಲಾಸ್ ಇಟ್ಟ, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಓ ನೀರು, ಅಂದರೆ ಕರಗಿದ ಲವಣವನ್ನೂ ತೆಗೆಯುವ ಫಿಲ್ಟರಿನದ್ದು. ಎರಡಕ್ಕೂ ಲೋಹದ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟ. ನಲ್ಲಿ ನೀರು ಕೊಳೆ ಕೊಳೆಯಾಗಿ ಕಂದುಬಣ್ಣಕ್ಕೆ ತಿರುಗಿತು. "ನೋಡಿ ಮೇಡಂ, ಇದನ್ನೇ ಮಗು ಕುಡಿಯೋದು!" ಸುಮ್ನೆ ಹೆದರಿಸೋದು. ಆ ಬಣ್ಣ ಕಡ್ಡಿಯ ಕಬ್ಬಿಣದ್ದು. ಉಪ್ಪಿನಂಶ ಇರುವ ನೀರಲ್ಲಿ ಕರೆಂಟ್ ಹರಿದು ಕಬ್ಬಿಣ ಕರಗುತ್ತದೆ. ಆರ್‌ಓ ನೀರಲ್ಲಿ ಲವಣ ಕಮ್ಮಿ, ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ, ಅಷ್ಟೇ. ಅವನ ಟಿಡಿಎಸ್ ಮೀಟರ್ ಕೂಡ ಅಳೆಯುವುದು ಕರಗಿದ ಲವಣವನ್ನು. ಭೇದಿ ತರಿಸುವ ಕ್ರಿಮಿ ಅದಕ್ಕೆ ಕಾಣುವುದೇ ಇಲ್ಲ. ಚರಂಡಿ ನೀರು ಸೇರಿದ ಕಾವೇರಿಗೂ ಆ ಮೀಟರ್ ಒಳ್ಳೇ ನಂಬರ್ ಕೊಟ್ಟೀತು.

ಹಾಗಂತ ಆರ್‌ಓ ದಂಡ ಅಂತಲ್ಲ, ಕರಗಿದ ಫ್ಲೋರೈಡ್ ತೆಗೆಯಲು ಅದು ಬೇಕು. ಅತ್ತೆಯ ಊರು ಪಾವಗಡ ಕಡೆ. ಅಲ್ಲಿ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲಿನ ಮೇಲೆ ಕಂದು ಗೆರೆ ಇರುವವರು ನೆಂಟರಲ್ಲೇ ಇದ್ದಾರೆ. ಹಲ್ಲು ಬೆಳೆಯುವ ವಯಸ್ಸಿನ ಮಕ್ಕಳಿಗೇ ಈ ಕಲೆ ಹಿಡಿಯುವುದು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅಲ್ಲಿ ಕುದಿಸಿ ಏನೂ ಪ್ರಯೋಜನವಿಲ್ಲ, ನೀರು ಆವಿಯಾದಷ್ಟೂ ಫ್ಲೋರೈಡ್ ಗಟ್ಟಿಯಾಗುತ್ತದೆ. ನೈಟ್ರೇಟ್ ಕಥೆಯೂ ಅದೇ. ಪುಟ್ಟ ಕೂಸಿಗೆ ಬಾಟಲಿ ಹಾಲು ಕಲಸುವವರು ಬೋರ್ ನೀರಿನ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿಲ್ಲ ಅಂತ ಲ್ಯಾಬಲ್ಲಿ ಖಾತ್ರಿ ಮಾಡಿಕೊಳ್ಳಲೇಬೇಕು. ಎದೆಹಾಲು ಕುಡಿಯುವ ಕೂಸಿಗೆ ಆರು ತಿಂಗಳವರೆಗೆ ನೀರೇ ಬೇಡ, ಅಜ್ಜಿಯಂದಿರು ಎಷ್ಟೇ ಹೇಳಲಿ.

ರಜೆಗೆ ಊರಿಗೆ ಹೋದಾಗ ಮಕ್ಕಳಿಗೆ ಶುದ್ಧ ನೀರಿನ ಘಟಕದ ಕ್ಯಾನ್ ನೀರೇ. ಇಲ್ಲಿ ಮಾತ್ರ ನೇರ ನಲ್ಲಿಯ ಕಾವೇರಿ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಡುತ್ತೇನೆ. ಲೋಟ ಅದ್ದುವ ಹಾಗಿಲ್ಲ, ಹಿಡಿ ಇರುವ ಸೌಟಲ್ಲೇ ತೆಗೆಯಬೇಕು. ಅನುಮಾನ ಬಂದರೆ ನೀರು ಪರೀಕ್ಷಿಸುವ ಎಚ್‌ಟೂಎಸ್ ಬಾಟಲಿ ತರಿಸುತ್ತೇನೆ. ಗೆರೆವರೆಗೆ ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ ಆಯ್ತು. ಕಪ್ಪಾದರೆ ಕೊಳಚೆ ಸೇರಿದೆ ಅಂತ ಲೆಕ್ಕ.

ತಂಗಿಗೆ ಫಿಲ್ಟರ್ ಮಾತು ಆಮೇಲೆ, ಮೊದಲು ಸಂಪು ಯಾವಾಗ ತೊಳೆಸಿದ್ದು ಅಂತ ಓನರನ್ನ ಕೇಳು ಅಂದೆ. ಕೇಳಿದಳಂತೆ. "ದೀಪಾವಳಿಗೆ" ಅಂದರಂತೆ. ಯಾವ ವರ್ಷದ್ದು ಅಂತ ಹೇಳಿಲ್ಲ.