ಟಾಗೋರ್ ಬೆಳ್ಳಿ ನಾಣ್ಯ: ನೀರಲ್ಲಿ ತೂಗಿ ನೋಡಿ; ವಿಭೂತಿ ಹಾಕಿ ಮಾತ್ರ ಉಜ್ಜಬೇಡಿ

ರವೀಂದ್ರನಾಥ ಟಾಗೋರರು ಹುಟ್ಟಿ 150 ವರ್ಷ ತುಂಬಿದ್ದಕ್ಕೆ 2011ರಲ್ಲಿ ಕೇಂದ್ರ ಸರ್ಕಾರ 150 ರೂಪಾಯಿಯ ನಾಣ್ಯ ತಂದಿತು. ಕಾರವಾರದ ಕಡಲತೀರಕ್ಕೆ ಅವರ ಹೆಸರಿದೆಯಲ್ಲ, ಅದಕ್ಕೋ ಏನೋ, ಮುಂಬಯಿಯಲ್ಲಿರುವ ನಮ್ಮ ಕಡೆಯವರಿಗೆ ಇದರ ಮೇಲೆ ಒಂದು ಗುಲಗಂಜಿ ಹೆಚ್ಚೇ ಮೋಹ.

ಬೆಳ್ಳಿ ನಾಣ್ಯ ಅನ್ನುತ್ತಾರೆ, ಇರುವುದು ಅರ್ಧ ಬೆಳ್ಳಿ. ಶೇ. 50 ಬೆಳ್ಳಿ, ಶೇ. 40 ತಾಮ್ರ, ನಿಕ್ಕಲ್ ಮತ್ತು ಸತು ತಲಾ ಶೇ. 5. ತೂಕ 35 ಗ್ರಾಂ, ವ್ಯಾಸ 44 ಮಿ.ಮೀ. ಮುಂಬಯಿಯ ಫೋರ್ಟ್ ಪ್ರದೇಶದ ಫುಟ್‌ಪಾತಿನಲ್ಲಿ ಯಾರಾದರೂ ಇಡೀ 35 ಗ್ರಾಮಿಗೆ ಬೆಳ್ಳಿ ದರ ಹಾಕಿದರೆ, ಬೆಳ್ಳಿ ಹದಿನೇಳೂವರೆ ಗ್ರಾಮಷ್ಟೇ ಎಂದು ಹೇಳಿ. ಉಳಿದದ್ದು ಸಂಗ್ರಾಹಕರ ಬೆಲೆ, ಅಲ್ಲಿ ಚೌಕಾಸಿ ನಡೆಯುತ್ತದೆ.

ಅಸಲಿಯೋ ನಕಲಿಯೋ ತಿಳಿಯಲು ಅಯಸ್ಕಾಂತ ಹಿಡಿದು ನೋಡಿ ಪ್ರಯೋಜನವಿಲ್ಲ, ಹಿತ್ತಾಳೆಯೂ ಅದಕ್ಕೆ ಅಂಟುವುದಿಲ್ಲ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿದುಕೊಳ್ಳಿ. ಅಸಲಿಯಾದರೆ ತಕ್ಕಡಿಯಲ್ಲಿ 3.67 ಗ್ರಾಮಿನ ಆಸುಪಾಸು ಬರಬೇಕು. ಅದೇ ತೂಕದ ತಾಮ್ರ-ನಿಕ್ಕಲ್ ನಕಲು 3.9 ತೋರಿಸುತ್ತದೆ, ಬೆಳ್ಳಿ ಲೇಪದ ಹಿತ್ತಾಳೆ 4 ದಾಟುತ್ತದೆ. ಗುಳ್ಳೆ ಅಂಟಿಕೊಂಡಿದ್ದರೆ ಅಸಲಿಯೂ ನಕಲಿಯಂತೆ ಕಾಣುತ್ತದೆ, ಮೆಲ್ಲಗೆ ಅಲ್ಲಾಡಿಸಿ ಬಿಡಿಸಿ. ಕನ್ನಡಿಯಂತೆ ಹೊಳೆಯುವ ಪ್ರೂಫ್ ನಾಣ್ಯಕ್ಕೆ ಮಾತ್ರ ಇದು ಬೇಡ, ದಾರದ ಗೀರೂ ಎದ್ದು ಕಾಣುತ್ತದೆ.

ಕೊಂಡ ಮೇಲಿನ ಶತ್ರು ಇಲ್ಲಿನ ಮಳೆಗಾಲ. ಗಾಳಿಯ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಕಡಲ ಉಪ್ಪಿನ ತೇವ ತಾಮ್ರವನ್ನು ಹಸಿರಾಗಿಸುತ್ತದೆ. ಕಪ್ಪಿಗೆ ಕೈ ಹಚ್ಚಬೇಡಿ. ದೇವರ ಮನೆಯ ದೀಪಕ್ಕೆ ಹಾಕುವ ಹುಣಸೆಹಣ್ಣು, ವಿಭೂತಿ ಇಲ್ಲಿ ಬೇಡವೇ ಬೇಡ. ಕೂದಲೆಳೆಯಷ್ಟು ಗೀರು ಬಿದ್ದರೂ ತಿಳಿದವರು ಬೆಲೆ ಇಳಿಸುತ್ತಾರೆ.

ಅಂಟಂಟಾದ ಹಸಿರು ಬೇರೆಯೇ ಕತೆ. ಅದು ಸಾಮಾನ್ಯವಾಗಿ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರಿನ ಕೊಡುಗೆ, ಹಳತಾದಂತೆ ಆ ಕವರು ಆಮ್ಲ ಬಿಡುತ್ತದೆ. ರಾಸಾಯನಿಕ ಅಂಗಡಿಯ ಶುದ್ಧ ಅಸಿಟೋನನ್ನು (ಉಗುರುಬಣ್ಣ ತೆಗೆಯುವ ದ್ರವವಲ್ಲ) ಗಾಜಿನ ಬಟ್ಟಲಿಗೆ ಹಾಕಿ, ಕಿಟಕಿ ತೆರೆದು, ಒಲೆಯಿಂದ ದೂರವಿಟ್ಟು, ನಾಣ್ಯವನ್ನು ಕೆಲವು ನಿಮಿಷ ಮುಳುಗಿಸಿ. ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ, ಒರೆಸದೆ ಹಾಗೇ ಆರಲು ಬಿಡಿ.

ಆಮೇಲೆ 44 ಮಿ.ಮೀ. ಗಟ್ಟಿ ಕ್ಯಾಪ್ಸೂಲು, ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬದಲಾಯಿಸಿ. ಡಬ್ಬಿಗೆ ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲೂ ಗಂಧಕವಿರುತ್ತದೆ.